ರಕ್ತ ಕುಡಿಯುವವನ ಪಾತ್ರ

ಮನುಷ್ಯರ ಮುಖಕ್ಕಿಂತ ಮೊದಲು ಮೊಣಕೈಯ ಒಳಬದಿಯನ್ನು ನೋಡುವ ಚಟ ತನಗೆ ಯಾವಾಗ ಅಂಟಿಕೊಂಡಿತೆಂಬುದು ನಿಂಗರಾಜುವಿಗೇ ನೆನಪಿರಲಿಲ್ಲ. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಆ ಚಿಕ್ಕ ಕಾರ್ಖಾನೆಯಲ್ಲಿ, ಪಂಪಿನ ಬಿಡಿಭಾಗ ಕೊರೆಯುವ ಲೇತ್ ಮುಂದೆ ನಿಂತಾಗಲೂ ಅವನ ಕಣ್ಣು ಅಂಗಿಯ ತೋಳು ಮಡಚಿದ ಕೈಗಳ ಮೇಲೇ ಹರಿದಾಡುತ್ತಿತ್ತು. ಹೊಸದಾಗಿ ಸೇರಿದ ವೆಲ್ಡರ್ ಗೌಸ್ ಪೀರನದು ಬಹಳ ಒಳ್ಳೆಯ ಕೈ. ನರ ದಪ್ಪಗೆ ಎದ್ದು ಕಾಣುತ್ತದೆ. ಆದರೆ ಅವನ ರಕ್ತ ಯಾವ ಗುಂಪಿನದೆಂದು ಕೇಳುವ ಮೊದಲು ಕೆಲವು ದಿನ ಚಹಾ ಕುಡಿಸಬೇಕು, ಮನೆಯವರ ಯೋಗಕ್ಷೇಮ ವಿಚಾರಿಸಬೇಕು, ಆಮೇಲೆ ಮಾತಿನ ನಡುವೆ ತಾನಾಗಿಯೇ ಎಂಬಂತೆ ಮಗಳ ವಿಷಯ ಬರಬೇಕು. ಎತ್ತಿದ ಬಾಯಿಗೇ ಕೇಳಿದರೆ ಜನ ಹಿಂದೆ ಸರಿಯುತ್ತಾರೆ, ಆಮೇಲೆ ದಾರಿಯಲ್ಲಿ ಸಿಕ್ಕರೂ ಮುಖ ತಿರುಗಿಸುತ್ತಾರೆ. ಹೀಗೆ ಲೆಕ್ಕ ಹಾಕುವಾಗ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು. ಹೇಸಿಗೆಯಾದರೂ ಕಣ್ಣು ಮಾತ್ರ ಕೈಯನ್ನು ಬಿಡುತ್ತಿರಲಿಲ್ಲ. ಮಗಳು ಕೀರ್ತನಾ ಹುಟ್ಟಿ ವರ್ಷ ತುಂಬುವುದರೊಳಗೆ, ಇವಳ ಮೈ ತನಗೆ ಬೇಕಾದ ರಕ್ತವನ್ನು ತಾನೇ ಮಾಡಿಕೊಳ್ಳಲಾರದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಂದಿನಿಂದ ತಿಂಗಳಿಗೊಮ್ಮೆ ಬೇರೆಯವರ ರಕ್ತ ಏರಬೇಕು. ಅದೂ ಹುಡುಕಿದರೆ ಸಿಗದ ಬಿ ನೆಗೆಟಿವ್. ಈಗ ಅವಳು ನಾಲ್ಕನೇ ಕ್ಲಾಸಿನ ಹುಡುಗಿ. ಇಷ್ಟು ವರ್ಷ ಅವಳನ್ನು ಉಳಿಸಿದ್ದು ಊರಿನ ಜನರ ಮೊಣಕೈಗಳು.

ಫೋನು ಬಂದಾಗ ಊಟದ ಬೆಲ್ಲು ಇನ್ನೂ ದೂರವಿತ್ತು. ಹೆಂಡತಿ ಸುನೀತಾ ಆಸ್ಪತ್ರೆಯಿಂದ ಮಾತಾಡುತ್ತಿದ್ದಳು. ಬೆಳಿಗ್ಗೆ ಅವಳೇ ಮಗಳನ್ನು ಸ್ಕೂಟರಿನಲ್ಲಿ ಕೂಡಿಸಿಕೊಂಡು ಹೋಗಿದ್ದಳು.

“ಮಾವ, ಇವಳು ಸೂಜಿ ಹಾಕಿಸ್ಕೊಳ್ಳಾಕೆ ಒಲ್ಲೆ ಅಂತಾಳೆ. ಎರಡೂ ಕೈ ತೊಡಿ ಕೆಳಗೆ ಇಟ್ಕೊಂಡು ಕುಂತಾಳೆ. ಬೆಳಿಗ್ಗಿಂದ ಇದೇ ಆಗೈತೆ.”

“ರಕ್ತ ಬಂದೈತೇನು?”

“ಬಂದೈತೆ. ಮಧ್ಯಾಹ್ನದೊಳಗೆ ಹಚ್ಚಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತಾರಂತೆ. ಹೆರಿಗೆ ವಾರ್ಡಿನಾಗ ಯಾರಿಗೋ ಅದೇ ಬೇಕಾಗೈತಂತೆ. ಮೆಟ್ಲು ಹತ್ತೋವಾಗ ನಡುವೇ ಕುಂತುಬಿಟ್ಲು ಮಾವ, ಏದುಸಿರು ಬಿಡ್ತಿದ್ಲು. ಇವತ್ತು ತಪ್ಪಿದ್ರೆ ಇವಳು ತಡಿಯಂಗಿಲ್ಲ.”

“ಹಿಡ್ಕೊಂಡು ಹಾಕಿಸ್ಬೇಕಿತ್ತು.”

“ಹಿಡ್ಕೊಂಡ್ವಿ. ಹಾಕಿದ ಸೂಜಿ ಕಿತ್ತುಕೊಂಡ್ಲು. ನಮ್ಮವ್ವ ಹೇಳಿದ್ರೆ ಕೇಳ್ತಾಳೆ, ಆದ್ರೆ ಅವ್ವ ಫೋನ್ ಎತ್ತವಲ್ಲಳು. ನೀನೇ ಹರಿಹರಕ್ಕೆ ಹೋಗಿ ಕರ್ಕೊಂಡು ಬಾ.” ಆಮೇಲೆ ದನಿ ತಗ್ಗಿಸಿ ಹೇಳಿದಳು. “ನೀನು ವಾರ್ಡಿನೊಳಗೆ ಬರಬ್ಯಾಡ. ಇವಳು ನಿನ್ನ ಸಿನಿಮಾ ನೋಡ್ಯಾಳೆ. ಪಕ್ಕದ ಮನೆಯವರ ಫೋನಿನಾಗ.”

ಪಿ.ಬಿ. ರಸ್ತೆಗೆ ಓಡಿ ಬಂದು ಹರಿಹರದ ಬಸ್ಸು ಹಿಡಿದ. ಕಿಟಕಿ ಪಕ್ಕ ಕೂತು, ನಿನ್ನ ಸಿನಿಮಾ ಎಂಬ ಮಾತನ್ನು ತಿರುವಿ ತಿರುವಿ ನೋಡಿದ. ಅದು ಅವನ ಸಿನಿಮಾ ಹೇಗಾಗುತ್ತದೆ? ವಿದ್ಯಾನಗರದ ಚಹಾದಂಗಡಿಯ ಮುಂದೆ, ಹಾಸ್ಟೆಲಿನ ಹುಡುಗರ ನಡುವೆ ನಿಂತು, ಅವರ ಕೈಗಳನ್ನು ನೋಡುತ್ತಿದ್ದಾಗ ಅಂಜನ್ ಕುಮಾರ್ ಎಂಬ ಗಡ್ಡದ ತರುಣ ಬಂದು ಮಾತಾಡಿಸಿದ್ದ. ಹಳೆಯ ಇಂಗ್ಲಿಷ್ ಕಾದಂಬರಿಯೊಂದನ್ನು ಈ ಕಾಲಕ್ಕೆ, ಈ ಊರಿಗೆ ಒಗ್ಗಿಸಿ ಸಿನಿಮಾ ಮಾಡುತ್ತಿದ್ದೇನೆ ಎಂದಿದ್ದ. ಅದರಲ್ಲಿ ಕೋಟೆಯ ಬದಲು ಹೊಳೆ ದಂಡೆಯ ಮುಚ್ಚಿದ ಗಿರಣಿ, ಕುದುರೆಗಾಡಿಯ ಬದಲು ಕಪ್ಪು ಕಾರು. ರಕ್ತ ಕುಡಿದು ಬದುಕುವ ದೊರೆಯ ಪಾತ್ರಕ್ಕೆ ಆಳು ಸಿಕ್ಕಿರಲಿಲ್ಲ. “ನಿಮ್ಮ ನೋಟದಾಗ ಏನೋ ಹಸಿವೈತೆ ಸಾರ್. ಅದು ಕಲಿಸಿದ್ರೆ ಬರಂಗಿಲ್ಲ,” ಎಂದಿದ್ದ. ನಿಂಗರಾಜುವಿಗೆ ನಗು ಬಂದಿತ್ತು. ಗಣೇಶನ ಪೆಂಡಾಲಿನ ನಾಟಕದಲ್ಲಿ ಸೈನಿಕನ ಪಾತ್ರಕ್ಕಿಂತ ಮೇಲೆ ಹೋದವನಲ್ಲ ಅವನು. ಆದರೂ ಹೂಂ ಎಂದ. ಯಾಕೆ ಎಂದರೆ ಸಿನಿಮಾ ತಂಡದಲ್ಲಿ ಹದಿಹರೆಯ ದಾಟಿದ ಗಟ್ಟಿಮುಟ್ಟಾದ ಹುಡುಗರು ಬೇಕಾದಷ್ಟಿದ್ದರು. ದೀಪ ಹಿಡಿಯುವವರು, ಟ್ರಾಲಿ ತಳ್ಳುವವರು. ಅವರಲ್ಲಿ ಒಬ್ಬನಾದರೂ ಬಿ ನೆಗೆಟಿವ್ ಇರದೆ ಹೋಗುತ್ತಾನೆಯೇ? ಒಬ್ಬನೂ ಇರಲಿಲ್ಲ. ನಿಂಗರಾಜುವಿಗೆ ಉಳಿದದ್ದು ಪಾತ್ರವೊಂದೇ.

“ಸರ್, ನೀವೇ ಅಲ್ಲೇನ್ರಿ?” ಮುಂದಿನ ಸೀಟಿನ ಕಾಲೇಜು ಹುಡುಗ ತಿರುಗಿ ನೋಡುತ್ತಿದ್ದ. ಪಕ್ಕದವನು ಆಗಲೇ ಫೋನು ಎತ್ತಿ ಹಿಡಿದಿದ್ದ. “ಒಂದ್ಸಲ ಹಲ್ಲು ತೋರಿಸ್ರಿ ಸರ್, ಪಿಚ್ಚರ್‌ನಾಗ ತೋರಿಸ್ತೀರಲ್ಲ ಹಂಗೆ.” ಬಸ್ಸಿನವರೆಲ್ಲ ನೋಡುತ್ತಿದ್ದರು. ಇಲ್ಲವೆಂದರೆ ಹರಿಹರದವರೆಗೂ ಬಿಡುವ ಪೈಕಿಯಲ್ಲ. ನಿಂಗರಾಜು ತುಟಿ ಎಳೆದು ಹಲ್ಲು ತೋರಿಸಿದ. ಮಗಳು ಕೈ ಮುಚ್ಚಿಕೊಂಡು ಕೂತಿರುವ ಹೊತ್ತಿನಲ್ಲಿ ತಾನು ಬಸ್ಸಿನಲ್ಲಿ ಹಲ್ಲು ಕಿರಿಯುತ್ತಿದ್ದೇನೆ ಎಂಬ ಅರಿವು ಎದೆಯಲ್ಲಿ ಚುಚ್ಚಿತು. ಆ ನೋವಿನ ನಡುವೆಯೂ ಫೋನು ಹಿಡಿದ ಹುಡುಗನ ಕೈ ಕಣ್ಣಿಗೆ ಬಿತ್ತು. ಎಳೆಯ, ಗಟ್ಟಿ ಕೈ. “ನಿಂದು ಯಾವ ಗ್ರೂಪಪ್ಪ, ರಕ್ತದ್ದು?” ಎಂದು ಬಾಯಿ ತಾನಾಗಿ ಕೇಳಿತು. ಹುಡುಗರು ಹೋ ಎಂದು ನಕ್ಕರು. ಒಬ್ಬ ಕತ್ತಿಗೆ ಕೈ ಅಡ್ಡ ಹಿಡಿದು ಕಿಟಕಿಗೆ ಒರಗಿದ. ಕಂಡಕ್ಟರ್ ಕೂಡ ನಕ್ಕ. ನಿಂಗರಾಜು ತಾನೂ ಸ್ವಲ್ಪ ನಕ್ಕು, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ.

ಮಗಳಿಗೆ ಅದು ಬರೀ ನಟನೆಯೆಂದು ತೋರಿಸಲು ಅವನು ಏನು ಮಾಡಿರಲಿಲ್ಲ? ಕಳೆದ ವಾರ, ಅವಳು ತನ್ನನ್ನು ಒಂದು ಥರಾ ನೋಡುತ್ತಿದ್ದಾಳೆ ಅನ್ನಿಸಿದ ದಿನವೇ, ಪೆಟ್ಟಿಗೆಯಲ್ಲಿದ್ದ ಪ್ಲಾಸ್ಟಿಕ್ಕಿನ ಕೋರೆಹಲ್ಲನ್ನು ತೆಗೆದು ಅವಳ ಅಂಗೈಯಲ್ಲಿಟ್ಟಿದ್ದ. ಸಕ್ಕರೆ ಪಾಕಕ್ಕೆ ಬಣ್ಣ ಹಾಕಿ ಸಿನಿಮಾದ ರಕ್ತ ಮಾಡಿ ತೋರಿಸಿದ್ದ. ಶೂಟಿಂಗಿನಲ್ಲಿ ಗಿರಣಿಯ ನೆಲದ ಮೇಲೆ ಸತ್ತಂತೆ ಮಲಗಿದಾಗ ಗದ್ದದ ಮೇಲಿನ ಆ ರಕ್ತಕ್ಕೆ ಇರುವೆ ಮುತ್ತಿದ್ದನ್ನೂ, ಕಚ್ಚಿಸಿಕೊಂಡರೂ ಅಲುಗಾಡದೆ ಬಿದ್ದಿದ್ದನ್ನೂ ಹೇಳಿ ನಗಿಸಲು ನೋಡಿದ್ದ. ಅವಳು ಬೆರಳು ಅದ್ದಿ ನೆಕ್ಕಿ, ಸಿಹಿ ಐತೆ ಎಂದಳು. ನಗಲಿಲ್ಲ. ಅವಳು ನೋಡಿದ್ದ ದೃಶ್ಯ ಯಾವುದೆಂದು ಅವನಿಗೆ ಈಗ ಹೊಳೆಯುತ್ತಿತ್ತು. ಅಂಜನ್ ಕುಮಾರ್ ಹೇಳುವಂತೆ ಮೂಲ ಕಾದಂಬರಿಯಲ್ಲೇ ಅದು ಇದೆಯಂತೆ: ಒಬ್ಬ ಹುಡುಗಿ ದಿನದಿನಕ್ಕೆ ಬಿಳಿಚಿಕೊಳ್ಳುತ್ತಾಳೆ, ಅವಳನ್ನು ಪ್ರೀತಿಸುವವರು ಒಬ್ಬರಾದ ಮೇಲೊಬ್ಬರು ತಮ್ಮ ರಕ್ತ ಕೊಡುತ್ತಾರೆ, ಹಗಲು ಕೊಟ್ಟದ್ದನ್ನೆಲ್ಲ ದೊರೆ ರಾತ್ರಿ ಬಂದು ಕುಡಿದು ಹೋಗುತ್ತಾನೆ. ಕೊನೆಗೆ ಹುಡುಗಿ ಉಳಿಯುವುದಿಲ್ಲ. ಇದನ್ನೊಂದು ಬಿಟ್ಟುಬಿಡ್ರಿ ಎಂದು ನಿಂಗರಾಜು ಕೈಮುಗಿದು ಕೇಳಿಕೊಂಡಿದ್ದ. ಇದೇ ಕಥೆಯ ಜೀವ ಸಾರ್ ಎಂದಿದ್ದ ಅಂಜನ್ ಕುಮಾರ್. ಸಿನಿಮಾದಲ್ಲಿ ಆ ಹುಡುಗಿ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಾಳೆ, ತಲೆಯ ಮೇಲೆ ರಕ್ತದ ಚೀಲ ತೂಗುತ್ತಿದೆ, ಕಿಟಕಿಯ ಆಚೆ ದೊರೆಯ ವೇಷದಲ್ಲಿ ಕೀರ್ತನಾಳ ಅಪ್ಪ ನಿಂತಿದ್ದಾನೆ.

ಹರಿಹರದಲ್ಲಿ ಇಳಿದು ಅರ್ಧ ನಡೆದು ಅರ್ಧ ಓಡಿ ದೇವಸ್ಥಾನದ ಹಿಂದಿನ ಓಣಿಗೆ ಬಂದ. ಉಡಚಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳು ನಿಂಗರಾಜುವಿನ ಒಡಹುಟ್ಟಿದ ಅಕ್ಕ, ಸುನೀತಾಳ ತಾಯಿ, ಹಾಗಾಗಿ ಅವನಿಗೆ ಅತ್ತೆಯೂ ಹೌದು. ಅಕ್ಕನ ಮಗಳನ್ನು ತಮ್ಮ ಮದುವೆಯಾಗುವುದು ಅವರ ಮನೆತನದಲ್ಲಿ ಹಿಂದಿನಿಂದ ಬಂದದ್ದು. ಹೊರಗಿನಿಂದ ಹೆಣ್ಣು ತಂದರೆ ಅದೇ ಸುದ್ದಿಯಾಗುತ್ತಿತ್ತು. ನಮ್ಮ ರಕ್ತ ನಮ್ಮಲ್ಲೇ ಇರಲಿ ಎಂದು ತಾಯಿ ಹಾಸಿಗೆ ಹಿಡಿದಾಗ ಹೇಳಿದ್ದಳು. ಆಗ ಸುನೀತಾ ಇನ್ನೂ ಕಾಲೇಜಿಗೆ ಹೋಗುತ್ತಿದ್ದಳು. ಆಮೇಲೆ ಡಾಕ್ಟರು, ನೀವಿಬ್ಬರೂ ಸಂಬಂಧದಲ್ಲೇ ಏನ್ರಿ ಎಂದು ಕೇಳಿ, ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಿ, ಇಬ್ಬರಲ್ಲೂ ಇದರ ಅರ್ಧ ಇದೆ, ಎರಡು ಅರ್ಧ ಸೇರಿ ಮಗುವಿಗೆ ಪೂರ್ತಿಯಾಗಿದೆ ಎಂದು ಚೀಟಿಯ ಮೇಲೆ ಗೆರೆ ಎಳೆದು ತೋರಿಸಿದ್ದರು. ತನ್ನ ರಕ್ತವನ್ನೇ ತಗೊಳ್ರಿ ಎಂದು ಅವನು ಮಂಚದ ಮೇಲೆ ಮಲಗಿಯೇಬಿಟ್ಟಿದ್ದ. ನಿಮ್ಮದು ನಿಮಗೇ ಸಾಲದು, ಏಳ್ರಿ ಎಂದು ಎಬ್ಬಿಸಿ ಕಳಿಸಿದ್ದರು. ಕೊಡಬೇಕಾದವನು ಕೊಡಲಾರದೆ, ಕೊಡಬೇಕಿಲ್ಲದವರ ಮನೆ ಬಾಗಿಲಿಗೆಲ್ಲ ಹೋಗಿ ನಿಲ್ಲುವಂತಾದದ್ದು ಅಂದಿನಿಂದ.

“ಫೋನ್ ಯಾಕ ಎತ್ತಲಿಲ್ಲ ಅಕ್ಕ?”

“ಎತ್ತಬಾರದು ಅಂತಾನೇ ಎತ್ತಲಿಲ್ಲ,” ಎಂದಳು ಉಡಚಮ್ಮ. ಅವನ ಮುಖ ನೋಡಲಿಲ್ಲ. “ಸುನಿ ಯಾಕ ಮಾಡ್ತಾಳೆ ಅಂತ ಗೊತ್ತಿತ್ತು. ನನ್ನಿಂದಾನೇ ಆಗೈತೆ ಇದು.”

“ಸಿನಿಮಾ ನೋಡಿ ಹೆದರ್ಯಾಳಂತೆ.”

“ಸಿನಿಮಾ ಆಮ್ಯಾಲೆ. ಮೊದ್ಲು ನಾನು ಅವಳನ್ನ ಕೊಟ್ಟೂರಪ್ಪನ ಮನಿಗೆ ಕರ್ಕೊಂಡು ಹೋಗಿದ್ದೆ.”

ನಿಂಗರಾಜು ಜಗಲಿಯ ಅಂಚಿಗೆ ಕೂತುಬಿಟ್ಟ. ಕೊಟ್ಟೂರಪ್ಪ ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿಯ ಮುಂದೆ ದುಡಿಯುತ್ತಿದ್ದವನು. ಕೀರ್ತನಾಳಿಗೆ ಎಲ್ಲರಿಗಿಂತ ಹೆಚ್ಚು ಸಲ ರಕ್ತ ಕೊಟ್ಟವನು. ರಕ್ತ ಯಾರದೆಂದು ಮಕ್ಕಳಿಗೆ ಹೇಳಬೇಡಿ ಎಂದು ಆಸ್ಪತ್ರೆಯಲ್ಲಿ ಎಷ್ಟು ಹೇಳಿದರೂ ಉಡಚಮ್ಮ ಕೇಳಿದವಳಲ್ಲ. ಉಂಡ ಮನೆಯ ಹೆಸರು ತಿಳಿಯದಿದ್ದರೆ ಋಣ ಹೇಗೆ ನೆನೆಯುವುದು ಎನ್ನುವುದು ಅವಳ ವಾದ. ಕೊಟ್ಟವರನ್ನೆಲ್ಲ ಮನೆಗೆ ಕರೆದು, ಹೋಳಿಗೆ ಊಟ ಹಾಕಿ, ಮೊಮ್ಮಗಳಿಂದ ಕಾಲಿಗೆ ಬೀಳಿಸುತ್ತಿದ್ದಳು. ಬೇರೆಯವರು ನಾಚಿಕೊಂಡು ಒಮ್ಮೆ ಬಂದು ಹೋಗುತ್ತಿದ್ದರು. ಕೊಟ್ಟೂರಪ್ಪ ಮಾತ್ರ ಪ್ರತಿ ಸಲ ಬಂದು, ಹೊಟ್ಟೆ ತುಂಬ ಉಂಡು, ಹುಡುಗಿಯ ತಲೆ ಸವರಿ, “ನೋಡು ಮತ್ತ, ನನ್ನ ರಕ್ತ ಐತೆ, ಗಣಿತದಾಗ ದಡ್ಡಿ ಆಗ್ತಿ ನೀನು,” ಎಂದು ಛೇಡಿಸುತ್ತಿದ್ದ. ಅವಳು ಕಾಕಾ ಕಾಕಾ ಎಂದು ಅವನ ಬೆನ್ನಿಗೇ ಅಂಟಿಕೊಂಡಿರುತ್ತಿದ್ದಳು. ಅವನು ಸತ್ತಾಗ ಅದಕ್ಕೇ ಅವಳಿಗೆ ಹೇಳಲಿಲ್ಲ. ಕಾಕಾ ಊರಿಗೆ ಹೋಗ್ಯಾನೆ ಎಂದು ನಿಂಗರಾಜುವೇ ಹೇಳಿದ್ದ.

“ಋಣ ಇದ್ದವಳು ಒಂದ್ಸಲ ಫೋಟಕ್ಕಾದ್ರೂ ಕೈ ಮುಗಿದು ಬರ್ಲಿ ಅಂತ ಕರ್ಕೊಂಡು ಹೋದೆ,” ಎಂದಳು ಉಡಚಮ್ಮ. “ಅವನ ಹೆಂಡ್ತಿ ಏನೂ ಕೆಟ್ಟದ್ದು ಅನ್ಲಿಲ್ಲ. ಇವಳಿಗೇ ಅಲ್ಲೇನ್ರಿ ಕೊಡ್ತಿದ್ದಿದ್ದು ಅಂದ್ಲು, ಅಷ್ಟೇ. ಬರೋವಾಗ ಇವಳು ಕೇಳಿದ್ಲು, ಅಜ್ಜಿ, ಕಾಕಾ ಯಾಕ ಸತ್ತ ಅಂತ. ನನಗೆ ಏನು ಹೇಳ್ಬೇಕು ತಿಳೀಲಿಲ್ಲ ನಿಂಗಾ. ನಮ್ಮದು ಅವಂದು ಋಣ ಇತ್ತು, ತೀರ್ತು, ಹೋದ ಅಂದೆ. ಯಾರು ಸತ್ತ್ರೂ ಹಂಗೇ ಅಂತೀವಲ್ಲ.” ಅವಳ ಕೈಯಲ್ಲಿನ ಅವರೆಕಾಯಿ ಹಾಗೇ ಉಳಿದಿತ್ತು. “ಅವಳು ಏನಂತ ತಿಳ್ಕೊಂಡ್ಲೋ. ಅವತ್ತಿಂದ ನನ್ನ ಕೂಡಾನೂ ಮಾತಾಡವಲ್ಲಳು.”

ಆಟೋದಲ್ಲಿ ದಾವಣಗೆರೆಗೆ ಬರುವಾಗ ಬಿಸಿಲು ಮುಖಕ್ಕೇ ಹೊಡೆಯುತ್ತಿತ್ತು. ನಿಂಗರಾಜುವಿಗೆ ಭಟ್ಟಿಯ ಬಿಸಿ ನೆನಪಾಯಿತು. ಕೊಟ್ಟೂರಪ್ಪನಿಂದ ಕೊನೆಯ ಬಾರಿ ರಕ್ತ ತಂದ ಆ ಸಲ ಎಲ್ಲಿ ಕೇಳಿದರೂ ರಕ್ತ ಇರಲಿಲ್ಲ. ಅವನು ಹಿಂದಿನ ಸಲ ಕೊಟ್ಟು ಮೂರು ತಿಂಗಳು ತುಂಬಿರಲಿಲ್ಲ, ತುಂಬದೆ ಕೊಡಬಾರದು, ಅದು ಇಬ್ಬರಿಗೂ ಗೊತ್ತಿತ್ತು. ನಿಂಗರಾಜು ಕೇಳಲಿಲ್ಲ. ಭಟ್ಟಿಯ ಬಾಗಿಲಲ್ಲಿ, ಹೊಗೆಯಲ್ಲಿ, ಬರೀ ನಿಂತ. ಹೇಗೆ ನಿಂತರೆ ಮನುಷ್ಯ ಇಲ್ಲವೆನ್ನಲಾರ ಎಂಬುದು ಇಷ್ಟು ವರ್ಷಗಳಲ್ಲಿ ಅವನಿಗೆ ಚೆನ್ನಾಗಿ ಬಂದುಬಿಟ್ಟಿತ್ತು: ಭುಜ ಸ್ವಲ್ಪ ಇಳಿಬಿಟ್ಟು, ಕಣ್ಣನ್ನು ಎದುರಿನವನ ಕಣ್ಣಿಗೆ ಕೊಡದೆ, ಹೊರಡಲು ತಿರುಗಿದಂತೆ ಮಾಡಿ ತಿರುಗದೆ. ಕೊಟ್ಟೂರಪ್ಪ ಕೈ ತೊಳೆದುಕೊಂಡು ಬಂದ. “ನಡಿ, ಬೇರೆ ಬ್ಲಡ್ ಬ್ಯಾಂಕಿಗೆ ಹೋಗಾಣ, ಅಲ್ಲಿ ನನ್ನ ಗುರುತಿಲ್ಲ,” ಎಂದ. ಅದಾಗಿ ಕೆಲವು ವಾರಕ್ಕೆ ಭಟ್ಟಿಯ ಮುಂದೆಯೇ ಎದೆ ಹಿಡಿದುಕೊಂಡು ಬಿದ್ದ. ಹೃದಯದ ಕಾಯಿಲೆ, ರಕ್ತ ಕೊಟ್ಟದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ಬೇರೆ ಯಾರದೋ ವಿಷಯವೆಂಬಂತೆ ಇನ್ನಿಬ್ಬರು ಡಾಕ್ಟರನ್ನು ಕೇಳಿದ್ದಕ್ಕೆ ಅವರೂ ಅದನ್ನೇ ಹೇಳಿದರು. ಎಲ್ಲರೂ ಇಲ್ಲವೆಂದರು, ಅವನ ಮನಸ್ಸೊಂದು ಮಾತ್ರ ಒಪ್ಪಲಿಲ್ಲ.

ಹೆಣ ನೋಡಲು ಹೋದ ದಿನದ್ದನ್ನಂತೂ ಅವನು ಸುನೀತಾಳಿಗೂ ಹೇಳಿರಲಿಲ್ಲ. ಅವರ ಪದ್ಧತಿಯಂತೆ ಕೊಟ್ಟೂರಪ್ಪನನ್ನು ಗೋಡೆಗೆ ಒರಗಿಸಿ ಪದ್ಮಾಸನ ಹಾಕಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು, ತಲೆಗೆ ರುಮಾಲು. ಊಟಕ್ಕೆ ಕೂತವನ ಹಾಗೇ ಕಾಣುತ್ತಿದ್ದ. ಭಜನೆಯವರು ಹಾಡುತ್ತಿದ್ದರು, ಹೆಂಗಸರು ಅಳುತ್ತಿದ್ದರು. ನಿಂಗರಾಜುವೂ ಅತ್ತ. ಅಳುತ್ತಲೇ, ತೊಡೆಯ ಮೇಲೆ ಇಟ್ಟ ಆ ಕೈಯನ್ನು, ಮೊಣಕೈಯ ಒಳಬದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಂಟಾದ ಕಪ್ಪು ಕಲೆಯನ್ನು ನೋಡಿ, ಇನ್ನು ಮುಂದಿನ ತಿಂಗಳಿಗೆ ಯಾರು ಎಂದು ಯೋಚಿಸಿದ. ಅಷ್ಟೇ ಯೋಚಿಸಿದ. ಹೋದವನಿಗಾಗಿ ಅತ್ತದ್ದೆಷ್ಟು, ಹೋದ ರಕ್ತಕ್ಕಾಗಿ ಅತ್ತದ್ದೆಷ್ಟು ಎಂದು ಈಗಲೂ ಬೇರ್ಪಡಿಸಲು ಬರುತ್ತಿರಲಿಲ್ಲ. ಸತ್ತವನ ಹೆಂಡತಿ, ಅಣ್ಣ ನೀವಾದ್ರೂ ಬಂದ್ರಲ್ಲ ಎಂದಾಗ, ಅವಳ ಬಳೆಗಳಾಚೆಯ ಮೊಣಕೈಯನ್ನೂ ಒಮ್ಮೆ ನೋಡಿದ್ದ.

ಮಕ್ಕಳ ವಾರ್ಡಿನ ಬಾಗಿಲಲ್ಲಿ ಸಿಸ್ಟರ್ ಸಾಯಿಮಾ ನಿಂತಿದ್ದಳು. ಕೀರ್ತನಾಳನ್ನು ತೊಟ್ಟಿಲಿನಿಂದ ನೋಡಿದವಳು. “ಹೆರಿಗೆ ವಾರ್ಡಿನಿಂದ ಎರಡು ಸಲ ಬಂದು ಹೋದ್ರು ನಿಂಗರಾಜಣ್ಣ. ಇನ್ನ ನನ್ನ ಕೈಲಿ ತಡಿಯಾಕೆ ಆಗಂಗಿಲ್ಲ. ಅವರದೂ ಜೀವಾನೇ ಅಲ್ಲೇನ್ರಿ.” ಉಡಚಮ್ಮ ಒಳಗೆ ಹೋದಳು. ನಿಂಗರಾಜು ಹೊರಗೇ ನಿಂತು ಬಾಗಿಲಿನ ಸಂದಿಯಿಂದ ನೋಡಿದ. ಮಂಚದ ಮೇಲೆ ಕೂತ ಮಗಳ ತುಟಿಗೂ ಮುಖಕ್ಕೂ ಬಣ್ಣದಲ್ಲಿ ವ್ಯತ್ಯಾಸವೇ ಉಳಿದಿರಲಿಲ್ಲ. ಉಸಿರು ಎಳೆದಾಗ ಕತ್ತಿನ ಕುಳಿ ಒಳಕ್ಕೆ ಹೋಗುತ್ತಿತ್ತು. ಕೈಗಳು ತೊಡೆಯ ಕೆಳಗಿದ್ದವು. ಅಜ್ಜಿ ಮುದ್ದು ಮಾಡಿದಳು, ಆಣೆ ಹಾಕಿದಳು, ಬೈದಳು, ಕೊನೆಗೆ ಕಣ್ಣಿಗೆ ಸೆರಗು ಒತ್ತಿಕೊಂಡಳು. ಹುಡುಗಿ ಗೋಡೆ ನೋಡುತ್ತಿದ್ದಳು. ಹಟ ಮಾಡುವ ಮಕ್ಕಳ ಮುಖವಲ್ಲ ಅದು. ಏನನ್ನೋ ತೀರ್ಮಾನ ಮಾಡಿ ಮುಗಿಸಿದವರ ಮುಖ. ಅದನ್ನು ನೋಡಿ ನಿಂಗರಾಜು ಬಾಗಿಲನ್ನು ತಳ್ಳಿದ. ಬರಬ್ಯಾಡ ಎಂದು ಸುನೀತಾ ಕೈ ಮಾಡುತ್ತಿದ್ದರೂ ಒಳಗೆ ಹೋದ.

“ಕೀರ್ತನಾ, ಕೈ ಕೊಡವ್ವ.”

“ನನಗೆ ಬ್ಯಾಡ.”

“ಯಾಕ?”

“ನಾನು ತಗೊಂಡ್ರೆ ಅವರು ಸಾಯ್ತಾರೆ.” ಒಂದೊಂದು ಮಾತಿಗೂ ನಿಂತು ಉಸಿರಾಡುತ್ತಿದ್ದಳು. “ಕಾಕಾ ಸತ್ತ. ನಾನು ಕುಡಿದು ಕುಡಿದೇ ಅವನು ಸತ್ತ.”

“ಕಾಕಾಗೆ ಎದಿ ಬ್ಯಾನಿ ಇತ್ತು. ಡಾಕ್ಟ್ರು ಹೇಳ್ಯಾರೆ.”

“ನೀನು ಸುಳ್ಳು ಹೇಳ್ತಿ. ಊರಿಗೆ ಹೋಗ್ಯಾನೆ ಅಂದಿದ್ದಿ.”

ಇನ್ನು ಯಾವ ನಿಜ ಹೇಳಿದರೂ ಅದು ಇವಳಿಗೆ ಸುಳ್ಳೇ. ಸಾಯಿಮಾ ರಕ್ತದ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಅವುಚಿ ನಿಂತಿದ್ದಳು. ಬಾಗಿಲ ಬಳಿ ಹೆರಿಗೆ ವಾರ್ಡಿನ ಆಯಾ ಮತ್ತೆ ಬಂದು ಇಣುಕಿದಳು. ಸುನೀತಾ ಅವನನ್ನೇ ನೋಡುತ್ತಿದ್ದಳು. ಚಿಕ್ಕಂದಿನಲ್ಲಿ ಜಾತ್ರೆಯ ಗದ್ದಲದಲ್ಲಿ ಮಾವನ ಬೆರಳು ಹಿಡಿದುಕೊಂಡು ಹೀಗೇ ನೋಡುತ್ತಿದ್ದಳು, ಮಾವನಿಗೆ ದಾರಿ ಗೊತ್ತಿದೆ ಎಂಬಂತೆ. ಅವನಿಗೆ ಏನೂ ಗೊತ್ತಿರಲಿಲ್ಲ. ಮಂಚದ ಅಂಚಿಗೆ ಕೂತು, ಮಗಳ ಮುಖದ ಹತ್ತಿರಕ್ಕೆ ಬಾಗಿದ.

“ನೀನು ಕಾಕಾನ್ನ ಯಾವತ್ತಾದ್ರೂ ರಕ್ತ ಕೊಡು ಅಂತ ಕೇಳಿದ್ಯಾ?”

ಅವಳು ಯೋಚಿಸಿದಳು. ಇಲ್ಲವೆಂದು ತಲೆ ಆಡಿಸಿದಳು.

“ಯಾರನ್ನೂ ಕೇಳಿಲ್ಲ ನೀನು. ನಿನಗೆ ತಂದು ಹಾಕ್ತಿದ್ರು, ಮಲಗಿರ್ತಿದ್ದಿ. ಕೇಳಿದ್ದು ನಾನು. ಅವನು ದಣಿದಿದ್ದ, ಈಗ ಕೊಡಬಾರದಿತ್ತು, ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋಗಿ ಅವನ ಮುಂದೆ ನಿಂತೆ. ಅವನ್ನ ಕುಡಿದಿದ್ದು ನೀನಲ್ಲ. ನಾನು.”

“ಅಯ್ಯೋ ಮಾವ, ಏನು ಮಾತಾಡ್ತಿ,” ಎಂದಳು ಸುನೀತಾ. ಉಡಚಮ್ಮ ಅವಳ ಕೈ ಹಿಡಿದು ಸುಮ್ಮನಿರಿಸಿದಳು.

ಹುಡುಗಿ ಗೋಡೆಯಿಂದ ಕಣ್ಣು ತೆಗೆದು ಅಪ್ಪನನ್ನು ನೋಡಿದಳು. “ಸಿನಿಮಾದಾಗ ಇರೋದು?”

“ನಾನೇ.”

“ಅದು ಬರೀ ಆಕ್ಟಿಂಗ್ ಅಂದಿದ್ದಿ. ಹಲ್ಲು ತೋರಿಸಿದ್ದಿ.”

“ಸುಳ್ಳು ಹೇಳಿದ್ದೆ.”

ನಟನೆಯಲ್ಲಿ ಒಂದು ಸಲವೂ ತಾನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ ಅನ್ನಿಸಿತು ಅವನಿಗೆ. ಮರುಕ್ಷಣವೇ, ಇದು ನಟನೆ ಹೌದೋ ಅಲ್ಲವೋ ಎಂದು ಅವನಿಗೇ ಗೊತ್ತಾಗದೆ ಹೋಯಿತು. ಮಗಳು ಅವನ ಬಾಯಿಯನ್ನು ನೋಡುತ್ತಿದ್ದಳು, ಆಮೇಲೆ ಕೈಗಳನ್ನು. ಅವಳ ಕಣ್ಣಲ್ಲಿ ಇಷ್ಟು ದಿನ ಅವಳ ಮೇಲೇ ಇದ್ದ ಹೆದರಿಕೆ ನಿಧಾನವಾಗಿ ಅಲ್ಲಿಂದ ಎದ್ದು ಅವನ ಮೇಲೆ ಬಂದು ಕೂತಿತು. ಅದನ್ನು ಅವನು ಕಣ್ಣಾರೆ ಕಂಡ. ತಡೆಯಬೇಕೆನಿಸಿತು, ಇಲ್ಲ ಮಗಳೇ, ನಾನು ನಿನ್ನ ಅಪ್ಪ ಎಂದು ಅವಳನ್ನು ಬಾಚಿಕೊಳ್ಳಬೇಕೆನಿಸಿತು. ತಡೆಯಲಿಲ್ಲ. ಅವಳು ಮಂಚದ ಆ ತುದಿಗೆ, ಅಜ್ಜಿಯ ಕಡೆಗೆ, ಇಷ್ಟಿಷ್ಟೇ ಸರಿದಳು. ಸರಿಯುವಾಗ ತೊಡೆಯ ಕೆಳಗಿನಿಂದ ಕೈಗಳು ಹೊರಗೆ ಬಂದವು. ಒಂದು ಕೈ ಅಜ್ಜಿಯ ಸೆರಗನ್ನು ಬಿಗಿಯಾಗಿ ಹಿಡಿಯಿತು. ಇನ್ನೊಂದನ್ನು ಸಾಯಿಮಾ ಮೆಲ್ಲಗೆ ತನ್ನ ಅಂಗೈಗೆ ತೆಗೆದುಕೊಂಡಳು. ಹುಡುಗಿ ಎಳೆದುಕೊಳ್ಳಲಿಲ್ಲ.

“ಸಿಸ್ಟರ್,” ಎಂದಳು ಕೀರ್ತನಾ, ಅಪ್ಪನ ಮೇಲಿಂದ ಕಣ್ಣು ತೆಗೆಯದೆ. “ಮೊದ್ಲು ಇವನ್ನ ಹೊರಗೆ ಕಳಿಸ್ರಿ.”

ಯಾರೂ ಏನೂ ಹೇಳುವ ಮೊದಲೇ ನಿಂಗರಾಜು ಎದ್ದು ಹೊರಗೆ ಬಂದ. ಕಾರಿಡಾರಿನ ಬೆಂಚಿನ ಮೇಲೆ ಕೂತ. ಪಕ್ಕದಲ್ಲಿದ್ದವರು ಯಾರೋ ಜಾಗ ಬಿಟ್ಟು ಸರಿದರು. ಅವರು ಸಿನಿಮಾ ನೋಡಿದವರೋ, ಸುಮ್ಮನೆ ಸರಿದವರೋ ತಿಳಿಯಲಿಲ್ಲ. ಬಹಳ ಹೊತ್ತಾದ ಮೇಲೆ ಸುನೀತಾ ಬಂದು ಬಾಗಿಲಿಗೆ ಒರಗಿ ನಿಂತಳು. ಅವಳ ಮುಖ ಅತ್ತು ಊದಿತ್ತು. ಅವನು ತಲೆ ಎತ್ತಿದ.

“ಹನಿ ಬೀಳ್ತೈತೇನು?”

“ಬೀಳ್ತೈತೆ.”

“ತುಟಿ?”

“ಸ್ವಲ್ಪ ಕೆಂಪಾಗ್ಯಾವೆ.”

ಇನ್ನೊಂದು ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಮಗಳು ನನ್ನ ಬಗ್ಗೆ ಏನಾದರೂ ಕೇಳಿದಳಾ ಎಂದು ಕೇಳಲು ಅವನಿಗೆ ಧೈರ್ಯವಾಗಲಿಲ್ಲ. ಸುನೀತಾ ಬಾಗಿಲು ಎಳೆದುಕೊಂಡು ಒಳಗೆ ಹೋದಳು.